ತೂಕ ಇಳಿದಿದೆ, ಒಳ್ಳೆಯದು: ಕಾಲಿನ ರಕ್ತನಾಳ ಕಾಯಿಲೆಯ ಒಂದು ಪ್ರಕರಣ

"ತೂಕ ಇಳಿದಿದೆ, ಒಳ್ಳೆಯದು." ಈ ರೋಗಿಯ ಕಡತದಲ್ಲಿ, ಅವರು ಆಸ್ಪತ್ರೆಗೆ ದಾಖಲಾಗುವ ನಾಲ್ಕು ತಿಂಗಳ ಮುಂಚಿನ ಪುಟದಲ್ಲಿ ಈ ಸಾಲು ನನ್ನದೇ ಕೈಬರಹದಲ್ಲಿದೆ. ಮುಂದಿನದನ್ನು ಓದುವಾಗ ಅದು ನೆನಪಿನಲ್ಲಿರಲಿ. ಬೇರೆಯವರ ತಪ್ಪು ಹುಡುಕಲು ನಾನು ಈ ಪ್ರಕರಣವನ್ನು ಬರೆಯುತ್ತಿಲ್ಲ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಇದೇ ಬಗೆಯ ಇನ್ನೂ ಕೆಲವು ರೋಗಿಗಳ ಸಂಗತಿಗಳೂ ಇದರಲ್ಲಿ ಬೆರೆತಿವೆ.

ಬಂದಾಗಿನ ಸ್ಥಿತಿ

ವಯಸ್ಸು 68. ಇಪ್ಪತ್ತು ವರ್ಷಗಳ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಆರು ವರ್ಷಗಳ ಹಿಂದೆ ಹೃದಯಕ್ಕೆ ಹಾಕಿದ ಸ್ಟೆಂಟ್, ಅರ್ಧಕ್ಕೆ ಇಳಿದ ಮೂತ್ರಪಿಂಡದ ಸಾಮರ್ಥ್ಯ (ಇಜಿಎಫ್‌ಆರ್ 48). ನಲವತ್ತು ವರ್ಷ ಸೇದಿದ ಸಿಗರೇಟನ್ನು ಸ್ಟೆಂಟ್ ಹಾಕಿದ ದಿನದಿಂದ ಬಿಟ್ಟಿದ್ದರು. ಬಲಗಾಲಿನ ಹೆಬ್ಬೆರಳಿನ ತುದಿ ಕಪ್ಪಾಗಿದೆ ಎಂದು ಬಂದರು. ಮೂರು ವಾರಗಳಿಂದ ರಾತ್ರಿ ಮಲಗಿದರೆ ಪಾದ ಉರಿಯುತ್ತಿತ್ತು. ಕಾಲು ಇಳಿಬಿಟ್ಟರೆ ಸ್ವಲ್ಪ ಹಾಯೆನಿಸುತ್ತದೆ ಎಂದು ಕುರ್ಚಿಯಲ್ಲಿ ಕುಳಿತೇ ನಿದ್ದೆ ಮಾಡುತ್ತಿದ್ದರು. ಪಾದಕ್ಕೆ ರಕ್ತ ಸಾಲದೆ ಬರುವ ನೋವಿನ ಲಕ್ಷಣವೇ ಇದು. ನಡೆಯುವಾಗ ಮಾತ್ರ ಬರುವ ಮೀನಖಂಡದ ನೋವಿಗಿಂತ ಇದು ಬಹಳ ಮುಂದಿನ ಹಂತ.

ಪಾದದ ಗಂಟಿನ ಬಳಿಯ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸಿದರೆ ಎಬಿಐ ಎಂಬ ಅನುಪಾತ ಸಿಗುತ್ತದೆ. 0.90 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಾಲಿನ ಅಪಧಮನಿ ಕಾಯಿಲೆ, ಅಂದರೆ ಪಿಎಡಿ, 1.00ರಿಂದ 1.40 ಸಹಜ. ಇವರದು 1.32. ಹಿಂದಿನ ಭೇಟಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು, ಎಲ್ಲರೂ ಸಮಾಧಾನಪಟ್ಟಿದ್ದರು. ಆದರೆ ದೀರ್ಘಕಾಲದ ಸಕ್ಕರೆ ಕಾಯಿಲೆ ಮತ್ತು ಮೂತ್ರಪಿಂಡದ ತೊಂದರೆ ಇರುವವರಲ್ಲಿ ಅಪಧಮನಿಯ ಗೋಡೆಗೆ ಸುಣ್ಣ ಕಟ್ಟಿ ಅದು ಕೊಳವೆಯಂತೆ ಗಟ್ಟಿಯಾಗಿರುತ್ತದೆ. ಪಟ್ಟಿ ಬಿಗಿದರೂ ಅದು ಅದುಮಿಕೊಳ್ಳುವುದಿಲ್ಲ, ಯಂತ್ರ ಹೆಚ್ಚಿನ ಒತ್ತಡವನ್ನು ತೋರಿಸುತ್ತದೆ. ಬೆರಳಿನ ಸಣ್ಣ ನಾಳಗಳಿಗೆ ಈ ಸುಣ್ಣ ಅಷ್ಟಾಗಿ ತಾಗುವುದಿಲ್ಲ, ಆದ್ದರಿಂದ ಅಲ್ಲಿ ಅಳೆದೆವು. ತೋಳಿನಲ್ಲಿ 140, ಬಲಗಾಲಿನ ಬೆರಳಿನಲ್ಲಿ 34 ಮಿ.ಮೀ. ಪಾದರಸ, ಅನುಪಾತ 0.24. ಇಲ್ಲಿ 0.70ಕ್ಕಿಂತ ಕೆಳಗಿರುವುದೇ ಅಸಹಜ.

ಎತ್ತರ 168 ಸೆಂ.ಮೀ., ತೂಕ 64 ಕಿಲೋ, ದೇಹ ತೂಕ ಸೂಚ್ಯಂಕ 22.7. ದಾಖಲಾತಿ ಹಾಳೆಯಲ್ಲಿ ನರ್ಸ್ ಎಬಿಐ ಎದುರು "ನಾರ್ಮಲ್" ಎಂದು ಬರೆದಿದ್ದರು, ಸೂಚ್ಯಂಕದ ಎದುರೂ "ನಾರ್ಮಲ್" ಎಂದೇ ಬರೆದಿದ್ದರು. ಮೊದಲನೆಯದನ್ನು ನಾನು ಅಂದೇ ಹೊಡೆದುಹಾಕಿದೆ. ಎರಡನೆಯದನ್ನು ಹೊಡೆದುಹಾಕಲು ಇನ್ನೂ ಎರಡು ದಿನ ಬೇಕಾಯಿತು, ಅದೂ ರೋಗಿಯ ಪತ್ನಿ ಬೆಲ್ಟನ್ನು ತೋರಿಸಿದ ಮೇಲೆ. ಅದರಲ್ಲಿ ಎರಡು ಹೊಸ ತೂತುಗಳಿದ್ದವು, ಮನೆಯಲ್ಲೇ ಮೊಳೆಯಿಂದ ಹೊಡೆದಿದ್ದು. ಹಳೆಯ ಪುಟಗಳನ್ನು ತಿರುವಿದರೆ ಆರು ತಿಂಗಳ ಹಿಂದೆ 74 ಕಿಲೋ, ನಾಲ್ಕು ತಿಂಗಳ ಹಿಂದೆ 71. ಎರಡನೆಯದರ ಪಕ್ಕದಲ್ಲಿ ನನ್ನ ಆ ಸಾಲು.

ಆರು ತಿಂಗಳಲ್ಲಿ 10 ಕಿಲೋ ಎಂದರೆ ದೇಹದ ನೂರರಲ್ಲಿ ಹದಿಮೂರೂವರೆ ಪಾಲು. ಅಪೌಷ್ಟಿಕತೆ ಗುರುತಿಸಲು 2019ರಲ್ಲಿ ಪ್ರಕಟವಾದ ಗ್ಲಿಮ್ ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಆರು ತಿಂಗಳಲ್ಲಿ ಶೇ 5ಕ್ಕಿಂತ ಹೆಚ್ಚು ಇಳಿದು, ಜೊತೆಗೆ ಊಟ ಕಡಿಮೆಯಾಗಿದ್ದರೆ ಅಥವಾ ದೇಹದಲ್ಲಿ ಉರಿಯೂತವಿದ್ದರೆ ಅಪೌಷ್ಟಿಕತೆ ಎನ್ನಲು ಅಷ್ಟೇ ಸಾಕು. ಶೇ 10 ದಾಟಿದರೆ ಅದು ತೀವ್ರ. ಸೂಚ್ಯಂಕ 22.7 ಇರುವ, ನೋಡಲು "ಚೆನ್ನಾಗಿಯೇ ಇರುವ" ಮನುಷ್ಯ ತೀವ್ರ ಅಪೌಷ್ಟಿಕತೆಯಿಂದ ನಮ್ಮ ಮುಂದೆ ಕುಳಿತಿದ್ದರು.

ತಟ್ಟೆಯ ಚರಿತ್ರೆ

ನಮ್ಮ ಆಹಾರತಜ್ಞೆ ದಂಪತಿಯ ಜೊತೆ ಮುಕ್ಕಾಲು ಗಂಟೆ ಕುಳಿತರು. ವೈದ್ಯರಲ್ಲಿ ಯಾರೂ ಅಷ್ಟು ಹೊತ್ತು ಅವರ ಜೊತೆ ಕುಳಿತಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಸಕ್ಕರೆ ಕಾಯಿಲೆಯ ವೈದ್ಯರು ಧಾನ್ಯ ಮತ್ತು ಹಣ್ಣನ್ನು ಕಡಿಮೆ ಮಾಡಿಸಿದ್ದರು. ಸ್ಟೆಂಟ್ ಹಾಕಿದವರು ಎಣ್ಣೆ, ಕೆನೆ, ಮೊಟ್ಟೆ ಬಿಡಿ ಎಂದಿದ್ದರು. ಮೂತ್ರಪಿಂಡದ ವರದಿ ಬಂದ ಮೇಲೆ ಬೇಳೆಕಾಳು, ಹಾಲು, ಮಾಂಸಕ್ಕೆ ಕತ್ತರಿ ಬಿತ್ತು. ರಕ್ತದೊತ್ತಡಕ್ಕೆ ಉಪ್ಪು ಹೋಯಿತು, ಉಪ್ಪಿನ ಜೊತೆ ರುಚಿಯೂ ಹೋಯಿತು. ಪ್ರತಿಯೊಂದು ಸಲಹೆಯನ್ನೂ ಬಿಡಿಯಾಗಿ ನೋಡಿದರೆ ಅದಕ್ಕೊಂದು ಕಾರಣವಿದೆ. ಆದರೆ ಪ್ರತಿಯೊಬ್ಬರೂ ಒಂದೊಂದನ್ನು ತೆಗೆದರು, ಯಾರೂ ಒಂದನ್ನೂ ಮರಳಿ ಇಡಲಿಲ್ಲ. ರೋಗಿಯೋ, ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುವ ಜಾತಿಯವರು. ಪಥ್ಯ ಮುರಿಯುವ ರೋಗಿ ಬಹುಶಃ ಇಷ್ಟು ಸೊರಗುತ್ತಿರಲಿಲ್ಲ.

"ಡಾಕ್ಟರೇ, ನೀವೆಲ್ಲ ಬೇಡ ಎಂದಿದ್ದನ್ನು ಬಿಟ್ಟರೆ ಉಳಿಯುವುದು ಏನು ಎಂದು ನಾನು ಯಾರನ್ನು ಕೇಳಲಿ?" ಎಂದರು ಪತ್ನಿ. ಕೋಪದಿಂದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು.

ಇದರ ಮೇಲೆ ಬೇರೆ ಸಣ್ಣಪುಟ್ಟವುಗಳೂ ಸೇರಿದ್ದವು. ತೂಕ ಇಳಿದಂತೆ ಒಸಡು ಕುಗ್ಗಿ ಕೃತಕ ಹಲ್ಲಿನ ಸೆಟ್ ಸಡಿಲವಾಗಿತ್ತು, ಅಗಿಯುವುದೆಲ್ಲ ನಿಂತಿತ್ತು. ನೋವಿಗೆ ಕೊಟ್ಟ ಟ್ರಮಡಾಲ್ ಓಕರಿಕೆಯನ್ನೂ ಮಲಬದ್ಧತೆಯನ್ನೂ ತಂದಿತ್ತು. ಸಕ್ಕರೆ ಕಾಯಿಲೆಗೆ ನುಂಗುತ್ತಿದ್ದ ಮೆಟ್‌ಫಾರ್ಮಿನ್ ಮೊದಲೇ ಹಸಿವನ್ನು ತಗ್ಗಿಸುವ ಮಾತ್ರೆ. ವರ್ಷಗಟ್ಟಲೆ ನುಂಗಿದ್ದರಿಂದ ಬಿ12 ಜೀವಸತ್ವವೂ ಕೆಳಗಿಳಿದಿತ್ತು. ರಾತ್ರಿಯಿಡೀ ಕುರ್ಚಿಯಲ್ಲಿ ಕುಳಿತವರಿಗೆ ಬೆಳಿಗ್ಗೆ ತಿನ್ನುವ ಮನಸ್ಸಾದರೂ ಎಲ್ಲಿಂದ ಬರಬೇಕು? ಮೂರು ದಿನಗಳ ಊಟವನ್ನು ಬರೆದಿಟ್ಟು ಲೆಕ್ಕ ಹಾಕಿದಾಗ ದಿನಕ್ಕೆ ಸುಮಾರು 1,100 ಕ್ಯಾಲೊರಿ, 34 ಗ್ರಾಂ ಪ್ರೋಟೀನ್. ತೂಕದ ಪ್ರತಿ ಕಿಲೋಗೆ 30 ಕ್ಯಾಲೊರಿಯಂತೆ ಅವರಿಗೆ ಬೇಕಿದ್ದುದು 1,900ಕ್ಕಿಂತ ಮೇಲೆ.

ನಮ್ಮನ್ನು ಹೆಚ್ಚು ದಿನ ಮೋಸಗೊಳಿಸಿದ್ದು ಎಚ್‌ಬಿಎ1ಸಿ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ಈ ಸಂಖ್ಯೆ 8.1ರಿಂದ 6.6ಕ್ಕೆ ಇಳಿದಿತ್ತು. "ಕೊನೆಗೂ ಹತೋಟಿಗೆ ಬಂತು" ಎಂದುಕೊಂಡೆವು. ಊಟವೇ ನಿಂತಿದ್ದರೆ ಸಕ್ಕರೆ ಹತೋಟಿಗೆ ಬರದೆ ಇನ್ನೇನು? ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಹಳೆಯ ಪ್ರಮಾಣದಲ್ಲೇ ಮುಂದುವರಿದಿತ್ತು. ರಾತ್ರಿ ಬೆವರುತ್ತಿದ್ದುದು ನೋವಿನಿಂದಲ್ಲ, ಸಕ್ಕರೆ ತೀರಾ ಇಳಿಯುತ್ತಿದ್ದುದರಿಂದ ಎಂದು ವಾರ್ಡಿನಲ್ಲಿ ಬೆಳಗಿನ ಜಾವ ಮೂರಕ್ಕೆ ಚುಚ್ಚಿ ನೋಡಿದಾಗ ಗೊತ್ತಾಯಿತು.

ಬೇರೆ ಕಾರಣಗಳಿರಬಹುದೇ?

ಪಥ್ಯದ ಕಥೆ ಇಷ್ಟು ಸಲೀಸಾಗಿ ಹೊಂದಿಕೊಂಡಾಗ ಅದನ್ನೇ ನಂಬಿಬಿಡುವ ಅಪಾಯವಿದೆ. ಕಾಲಿನ ಅಪಧಮನಿ ಕಟ್ಟಿದ ದೇಹದಲ್ಲಿ ಕರುಳಿನ ಅಪಧಮನಿಗಳೂ ಕಟ್ಟಿರಬಹುದು. ಹಾಗಿದ್ದರೆ ಊಟವಾದ ಅರ್ಧ ಗಂಟೆಗೆ ಹೊಟ್ಟೆನೋವು ಶುರುವಾಗಿ, ರೋಗಿ ನೋವಿಗೆ ಹೆದರಿ ಊಟವನ್ನೇ ಬಿಡುತ್ತಾನೆ. ಇವರಿಗೆ ಆ ನೋವಿರಲಿಲ್ಲ. ಕಾಲಿಗಾಗಿ ಮಾಡಿಸಿದ ಸಿಟಿ ಆಂಜಿಯೋಗ್ರಾಂನಲ್ಲಿ ಕರುಳಿನ ಮುಖ್ಯ ಅಪಧಮನಿಗಳು ತೆರೆದೇ ಇದ್ದವು. ನಲವತ್ತು ವರ್ಷ ಸೇದಿದವರಾದ್ದರಿಂದ ಶ್ವಾಸಕೋಶವನ್ನೂ ನೋಡಿದೆವು, ಗಡ್ಡೆ ಇರಲಿಲ್ಲ. ಥೈರಾಯ್ಡ್ ಸರಿಯಿತ್ತು. ಹೃದಯದ ಪಂಪ್ ಶಕ್ತಿ ತುಸು ಕುಗ್ಗಿತ್ತು, ಆದರೆ ತೂಕ ಕರಗಿಸುವಷ್ಟಲ್ಲ.

ಅದೇ ಸಿಟಿ ಚಿತ್ರದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಸೊಂಟದ ಮೂರನೇ ಕಶೇರುಕದ ಮಟ್ಟದಲ್ಲಿ ಅಡ್ಡಲಾಗಿ ನೋಡಿದರೆ ಬೆನ್ನುಮೂಳೆಯ ಎರಡೂ ಬದಿ ಸೋಯಸ್ ಸ್ನಾಯುಗಳು ಕಾಣುತ್ತವೆ. ರಕ್ತನಾಳ ನೋಡಲು ತೆಗೆದ ಚಿತ್ರದಲ್ಲಿ ಸ್ನಾಯುವಿನ ಬಗ್ಗೆ ಯಾರೂ ವರದಿ ಬರೆಯುವುದಿಲ್ಲ. ನಾವಾಗಿ ಕೇಳಿದ ಮೇಲೆ ರೇಡಿಯಾಲಜಿಸ್ಟ್ ತೋರಿಸಿದರು: ಸ್ನಾಯು ಕುಗ್ಗಿತ್ತು, ಒಳಗೆಲ್ಲ ಕೊಬ್ಬು ನುಸುಳಿತ್ತು. ಹೊಸ ಪರೀಕ್ಷೆ ಬೇಕಿಲ್ಲ, ಹೆಚ್ಚಿನ ಖರ್ಚಿಲ್ಲ, ಕೇಳುವವರು ಬೇಕು ಅಷ್ಟೇ. ಕೈ ಹಿಡಿತದ ಬಲ 21 ಕಿಲೋ. ಗಂಡಸರಿಗೆ ಯುರೋಪಿನ ತಜ್ಞರ ಗುಂಪು 27ಕ್ಕಿಂತ, ಏಷ್ಯಾದ ಗುಂಪು 28ಕ್ಕಿಂತ ಕಡಿಮೆಯಿದ್ದರೆ ದುರ್ಬಲ ಎನ್ನುತ್ತದೆ.

ಅಂಕಗಳ ಜಗಳ

ಪಿಎಡಿ ರೋಗಿಗಳ ಪೋಷಣೆ ಅಳೆಯಲು ಸಂಶೋಧನೆಗಳಲ್ಲಿ ಹೆಚ್ಚಾಗಿ ಬಳಸುವವು ರಕ್ತಪರೀಕ್ಷೆ ಆಧರಿಸಿದ ಅಂಕಗಳು. ಮೂರನ್ನು ಹಾಕಿ ನೋಡಿದೆವು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಅಂಕ ಕೊಡುವ ಯಂತ್ರಗಳನ್ನು ಕಣ್ಣುಮುಚ್ಚಿ ನಂಬುವ ಚಟ ನಮ್ಮ ವೃತ್ತಿಗೆ ಇದೆ.

ಇವರ ರಕ್ತದ ಪ್ರೋಟೀನ್ ಆಲ್ಬುಮಿನ್ ಡೆಸಿಲೀಟರಿಗೆ 3.0 ಗ್ರಾಂ, ಲಿಂಫೋಸೈಟ್ ಎಂಬ ಬಿಳಿ ರಕ್ತಕಣ 1,300, ಒಟ್ಟು ಕೊಲೆಸ್ಟರಾಲ್ 128. ಈ ಮೂರನ್ನು ಸೇರಿಸುವ ಕೋನಟ್ ಅಂಕದಲ್ಲಿ 2, 1, 2, ಒಟ್ಟು 5, ಮಧ್ಯಮ ಅಪೌಷ್ಟಿಕತೆ. ಆದರೆ ಆ ಕೊಲೆಸ್ಟರಾಲ್ ಇಳಿದದ್ದು ಹಸಿವಿನಿಂದಲೋ, ನಾವೇ ಕೊಟ್ಟ ಸ್ಟಾಟಿನ್ ಮಾತ್ರೆ ಅಟೋರ್ವಾಸ್ಟಾಟಿನ್‌ನಿಂದಲೋ? ಈ ಅಂಕ ರೂಪುಗೊಂಡದ್ದು ಆಸ್ಪತ್ರೆಯ ಎಲ್ಲ ಬಗೆಯ ರೋಗಿಗಳಿಗಾಗಿ. ಹೆಚ್ಚುಕಡಿಮೆ ಎಲ್ಲರೂ ಸ್ಟಾಟಿನ್ ನುಂಗಬೇಕಾದ ಪಿಎಡಿ ವಾರ್ಡಿನಲ್ಲಿ ಅದು ಔಷಧಿ ಸರಿಯಾಗಿ ತೆಗೆದುಕೊಂಡವರಿಗೇ ದಂಡ ಹಾಕುತ್ತದೆ.

ಇನ್ನೊಂದು ಜಿಎನ್‌ಆರ್‌ಐ, ವೃದ್ಧರಿಗಾಗಿ 2005ರಲ್ಲಿ ರೂಪಿಸಿದ ಸೂಚ್ಯಂಕ. ಆಲ್ಬುಮಿನ್ನನ್ನು ಲೀಟರಿಗೆ ಗ್ರಾಂ ಲೆಕ್ಕದಲ್ಲಿ 1.489ರಿಂದ ಗುಣಿಸಿ, ಈಗಿನ ತೂಕ ಮತ್ತು ಆದರ್ಶ ತೂಕದ ಅನುಪಾತವನ್ನು 41.7ರಿಂದ ಗುಣಿಸಿ ಕೂಡಬೇಕು. 168 ಸೆಂ.ಮೀ. ಎತ್ತರಕ್ಕೆ ಆದರ್ಶ ತೂಕ ಸುಮಾರು 62. ಇವರು 64 ಇದ್ದಾರೆ. ಅನುಪಾತ ಒಂದನ್ನು ದಾಟಿದರೆ ಒಂದೇ ಎಂದು ಹಿಡಿಯುವುದು ವಾಡಿಕೆ. ಉತ್ತರ 86.4, ಮಧ್ಯಮ ಅಪಾಯ. ಸರಿಯಾಗಿಯೇ ಹೇಳಿತಲ್ಲ ಎನಿಸಬಹುದು. ಆದರೆ ಆಲ್ಬುಮಿನ್ 4.0 ಇದ್ದಿದ್ದರೆ ಉತ್ತರ 101 ಆಗಿ, "ಅಪಾಯವಿಲ್ಲ" ಎಂದು ಬರುತ್ತಿತ್ತು. ಅಂದರೆ ಕಳೆದುಹೋದ 10 ಕಿಲೋ ಈ ಸೂತ್ರದ ಕಣ್ಣಿಗೆ ಬಿದ್ದೇ ಇಲ್ಲ. ಮೊದಲು ಇನ್ನೂ ದಪ್ಪವಿದ್ದವನು ಕರಗಿ ಆದರ್ಶ ತೂಕಕ್ಕೆ ಬಂದರೆ ಸೂತ್ರ ಅವನನ್ನು ಅಭಿನಂದಿಸುತ್ತದೆ, ನಾನು ಮಾಡಿದ ಹಾಗೆಯೇ.

ಉಳಿದದ್ದು ಆಲ್ಬುಮಿನ್. ಅದು ಊಟದ ಅಳತೆಗೋಲು ಎಂದು ನಾವೆಲ್ಲ ಕಲಿತೆವು. ಸೋಂಕು ಅಥವಾ ಉರಿಯೂತ ಇದ್ದಾಗ ಯಕೃತ್ತು ಆಲ್ಬುಮಿನ್ ತಯಾರಿಕೆಯನ್ನು ತಗ್ಗಿಸುತ್ತದೆ, ಇರುವುದೂ ರಕ್ತನಾಳದಿಂದ ಹೊರಗೆ ಸೋರುತ್ತದೆ. ಉರಿಯೂತವನ್ನು ತೋರಿಸುವ ಸಿಆರ್‌ಪಿ ಇವರಲ್ಲಿ 48, ಬೆರಳಿನಲ್ಲಿ ಸೋಂಕು. ಆ 3.0ರಲ್ಲಿ ತಟ್ಟೆಯ ಪಾಲೆಷ್ಟು, ಬೆರಳಿನ ಪಾಲೆಷ್ಟು ಎಂದು ಬಿಡಿಸುವುದು ಸಾಧ್ಯವಿಲ್ಲ.

ಕೊನೆಗೆ ರಕ್ತವನ್ನೇ ಕೇಳದ, ಆರು ಪ್ರಶ್ನೆಗಳ ಎಂಎನ್‌ಎ ಕಿರುನಮೂನೆ: ಹಸಿವು, ತೂಕದ ಇಳಿಕೆ, ಓಡಾಟ, ಇತ್ತೀಚಿನ ಕಾಯಿಲೆ, ಮನಸ್ಥಿತಿ, ಸೂಚ್ಯಂಕ. 14ಕ್ಕೆ 6 ಬಂತು. 7 ಮತ್ತು ಅದಕ್ಕಿಂತ ಕಡಿಮೆ ಎಂದರೆ ಅಪೌಷ್ಟಿಕತೆ. ಐದು ನಿಮಿಷದ ಕೆಲಸ. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ಅತ್ಯಂತ ಪ್ರಾಮಾಣಿಕವಾಗಿ ಮಾತನಾಡಿದ್ದು ಅದೊಂದೇ.

ಇಷ್ಟೆಲ್ಲ ಕೊಂಕು ತೆಗೆದರೂ ಈ ರಕ್ತದ ಅಂಕಗಳನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. ಅಂಕ ಕೆಟ್ಟಷ್ಟೂ ಪಿಎಡಿ ರೋಗಿಗಳಲ್ಲಿ ಸಾವು ಮತ್ತು ಕಾಲು ಕತ್ತರಿಸಬೇಕಾದ ಸಂದರ್ಭ ಹೆಚ್ಚು ಎಂದು ಒಂದರ ಹಿಂದೊಂದು ಅಧ್ಯಯನ ತೋರಿಸಿದೆ. ಇವರಿರುವ ಹಂತದಲ್ಲಿ, ಅಂದರೆ ವಿಶ್ರಾಂತಿಯಲ್ಲೂ ನೋವು ಮತ್ತು ಕೊಳೆತ ಇರುವಾಗ, ಒಂದು ವರ್ಷದೊಳಗೆ ಐವರಲ್ಲಿ ಸುಮಾರು ಒಬ್ಬರು ತೀರಿಕೊಳ್ಳುತ್ತಾರೆ, ಬಹುಪಾಲು ಹೃದಯಾಘಾತ ಮತ್ತು ಪಾರ್ಶ್ವವಾಯುವಿನಿಂದ. ಅಪೌಷ್ಟಿಕತೆ, ಉರಿಯೂತ, ಅಪಧಮನಿ ಪೆಡಸಾಗುವಿಕೆ ಒಂದನ್ನೊಂದು ಎಳೆದುಕೊಂಡು ಬರುತ್ತವೆ ಎಂಬುದನ್ನು ಸ್ವೀಡನ್ನಿನ ಮೂತ್ರಪಿಂಡ ತಜ್ಞರು 1999ರಲ್ಲೇ ಗುರುತಿಸಿದ್ದರು. ದಪ್ಪಗಿರುವ ಪಿಎಡಿ ರೋಗಿಗಳು ತೆಳ್ಳಗಿರುವವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ ಎಂಬ ವಿಚಿತ್ರ ಫಲಿತಾಂಶವೂ ಮತ್ತೆ ಮತ್ತೆ ಬಂದಿದೆ. ಅದನ್ನು ಕೊಬ್ಬಿನ ಗುಣಗಾನ ಎಂದು ಓದಬಾರದು. ತೆಳ್ಳಗಿರುವವರ ಗುಂಪಿನಲ್ಲಿ ಸಿಗರೇಟಿನಿಂದ ಶ್ವಾಸಕೋಶ ಕೆಟ್ಟವರು, ಕಾಯಿಲೆಯಿಂದ ಕರಗಿದವರು ಸೇರಿಕೊಂಡಿರುತ್ತಾರೆ.

ಕಾಯಬೇಕೇ?

ತೀವ್ರ ಅಪೌಷ್ಟಿಕತೆ ಇದ್ದರೆ ದೊಡ್ಡ ಶಸ್ತ್ರಚಿಕಿತ್ಸೆಯನ್ನು ಒಂದೆರಡು ವಾರ ಮುಂದೂಡಿ ಮೊದಲು ಪೋಷಣೆ ಕೊಡಿ ಎನ್ನುತ್ತದೆ ಯುರೋಪಿನ ಮಾರ್ಗಸೂಚಿ. ಕೊಳೆಯುತ್ತಿರುವ ಬೆರಳು ಅಷ್ಟು ದಿನ ಕಾಯುವುದಿಲ್ಲ. ಇತ್ತ ರಕ್ತ ಹರಿಯದ ಪಾದಕ್ಕೆ ಎಷ್ಟು ಪ್ರೋಟೀನ್ ತಿನ್ನಿಸಿದರೂ ಅದು ಗಾಯವನ್ನು ತಲುಪುವುದಿಲ್ಲ. ಎರಡನ್ನೂ ಒಟ್ಟಿಗೆ ಶುರು ಮಾಡಿದೆವು.

ಕಟ್ಟಿದ ಜಾಗವನ್ನು ಅಭಿಧಮನಿಯಿಂದ ಸುತ್ತುಹಾಕಿ ಬೈಪಾಸ್ ಮಾಡುವುದೇ, ನಾಳದೊಳಗೆ ಬಲೂನ್ ಹಾಕಿ ಹಿಗ್ಗಿಸುವುದೇ ಎಂಬುದು ಇನ್ನೊಂದು ಚರ್ಚೆ. ಒಳ್ಳೆಯ ಅಭಿಧಮನಿ ಸಿಗುವವರಿಗೆ ಬೈಪಾಸ್ ಮೇಲು ಎಂದು 2022ರ ಬೆಸ್ಟ್-ಸಿಎಲ್‌ಐ ಅಧ್ಯಯನ ಹೇಳಿತು. ಮೊಣಕಾಲಿನ ಕೆಳಗಿನ ಕಾಯಿಲೆಗೆ ಬಲೂನ್ ಮೇಲು ಎಂದು 2023ರ ಬೇಸಿಲ್-2 ಹೇಳಿತು. ಇವರ ಕಾಯಿಲೆ ಮೊಣಕಾಲಿನ ಕೆಳಗೆ, ಅಭಿಧಮನಿ ಸಣ್ಣದು, ದೇಹ ಸೋತಿತ್ತು. ಬಲೂನ್ ಆರಿಸಿಕೊಂಡೆವು.

ನಂತರ ನಡೆದದ್ದನ್ನು ಬರೆಯಲು ಮುಜುಗರವಾಗುತ್ತದೆ. ಚಿಕಿತ್ಸೆಯ ಹಿಂದಿನ ರಾತ್ರಿಯಿಂದ ಬಾಯಿಗೆ ಏನೂ ಕೊಡಬೇಡಿ ಎಂದೆವು. ಮಧ್ಯಾಹ್ನ ತುರ್ತು ಪ್ರಕರಣವೊಂದು ಬಂದು ಇವರ ಸರದಿ ಮರುದಿನಕ್ಕೆ ಹೋಯಿತು. ಮರುದಿನವೂ ಅದೇ ಕಥೆ. ತೀವ್ರ ಅಪೌಷ್ಟಿಕತೆ ಎಂದು ನಾವೇ ಬರೆದಿಟ್ಟ ರೋಗಿಯನ್ನು ನಾವೇ ಎರಡು ಬಾರಿ ಹದಿನಾರು ಗಂಟೆ ಉಪವಾಸ ಕೆಡವಿದೆವು. ಘನ ಆಹಾರಕ್ಕೆ ಆರು ಗಂಟೆ, ತಿಳಿ ದ್ರವಕ್ಕೆ ಎರಡು ಗಂಟೆ ಬಿಡುವು ಸಾಕು ಎಂದು ಅರಿವಳಿಕೆ ತಜ್ಞರು ಹೇಳುತ್ತಲೇ ಇದ್ದಾರೆ. ಮೂರನೆಯ ದಿನ ಆಹಾರತಜ್ಞೆ ಹಾಸಿಗೆಯ ತಲೆಭಾಗಕ್ಕೆ ಒಂದು ಚೀಟಿ ಅಂಟಿಸಿದರು: "ಮುಂದೂಡಿದರೆ ತಕ್ಷಣ ಊಟ ಕೊಡಿ, ನಂತರ ನನಗೆ ಫೋನ್ ಮಾಡಿ." ಅಂದು ಮುಂದೂಡಲಿಲ್ಲ. ಬೆರಳಿನ ಒತ್ತಡ 34ರಿಂದ 58ಕ್ಕೆ ಏರಿತು. ನಾಲ್ಕು ದಿನಗಳ ನಂತರ ಕಪ್ಪಾದ ತುದಿಯನ್ನಷ್ಟೇ ತೆಗೆದೆವು.

ಪ್ರೋಟೀನ್ ಎಷ್ಟು ಎಂಬುದರಲ್ಲಿ ಮೂತ್ರಪಿಂಡ ತಜ್ಞರೊಂದಿಗೆ ವಾದವಾದೀತು ಎಂದುಕೊಂಡಿದ್ದೆ, ಆಗಲಿಲ್ಲ. ಸ್ಥಿರವಾಗಿರುವವರಿಗೆ ಹೇಳಿದ ಮಿತಿಯನ್ನು ಸೊರಗಿದ, ಸೋಂಕಿರುವ ವೃದ್ಧರಿಗೆ ಹೇರಬಾರದು ಎಂದು ಅವರ ಮಾರ್ಗಸೂಚಿಯಲ್ಲೇ ಇದೆ ಎಂದರು. ಕಿಲೋಗೆ 1.2 ಗ್ರಾಂನಂತೆ ದಿನಕ್ಕೆ 77 ಗ್ರಾಂ ಎಂದು ಒಪ್ಪಿಕೊಂಡೆವು. ಮೊಟ್ಟೆ, ಹಾಲು, ಬೇಳೆ ಮರಳಿದವು, ಎಣ್ಣೆಯೂ ಬಂತು, ಅಗಿಯಬೇಕಾದದ್ದನ್ನೆಲ್ಲ ಮೆತ್ತಗೆ ಮಾಡಿ ಆರು ಸಣ್ಣ ಊಟಗಳಾಗಿ ಹಂಚಿದೆವು. ರಾತ್ರಿ ಮಲಗುವ ಮುನ್ನ ಒಂದು ಲೋಟ ಪೌಷ್ಟಿಕ ಪೇಯ. ಉಪ್ಪನ್ನು ಪೂರ್ತಿ ಬಿಡದೆ ಮಿತಗೊಳಿಸಿದೆವು. ಗ್ಲಿಮೆಪಿರೈಡ್ ನಿಲ್ಲಿಸಿ ಸಣ್ಣ ಪ್ರಮಾಣದ ಇನ್ಸುಲಿನ್, ಟ್ರಮಡಾಲ್ ಇಳಿಕೆ, ಬಿ12 ಚುಚ್ಚುಮದ್ದು, ಹಲ್ಲಿನ ಸೆಟ್ಟಿಗೆ ಹೊಸ ಒಳಪದರ. ಅಟೋರ್ವಾಸ್ಟಾಟಿನ್ ಮತ್ತು ಆಸ್ಪಿರಿನ್ ಹಾಗೆಯೇ ಉಳಿದವು. ಊಟ ಸಡಿಲಿಸುವುದೆಂದರೆ ಸ್ಟಾಟಿನ್ ಬಿಡುವುದಲ್ಲ ಎಂದು ಮನೆಯವರಿಗೆ ಮೂರು ಬಾರಿ ಹೇಳಬೇಕಾಯಿತು. ಎಲ್-ಆರ್ಜಿನೈನ್ ಎಂಬ ಅಮೈನೋ ಆಮ್ಲದ ಡಬ್ಬಿ ತಂದು "ರಕ್ತನಾಳ ಹಿಗ್ಗುತ್ತದಂತೆ, ಕೊಡಲೇ?" ಎಂದು ಮಗ ಕೇಳಿದ. ಪಿಎಡಿಯಲ್ಲಿ ಅದನ್ನು ಆರು ತಿಂಗಳು ಕೊಟ್ಟು ನೋಡಿದ ಅಧ್ಯಯನದಲ್ಲಿ ಪ್ರಯೋಜನ ಕಾಣಲಿಲ್ಲ. ಬೇಡ ಎಂದೆ.

ಬಹುಕಾಲ ಅರೆಹೊಟ್ಟೆಯಲ್ಲಿದ್ದವರಿಗೆ ಒಮ್ಮೆಲೇ ಹೊಟ್ಟೆತುಂಬ ಕೊಟ್ಟರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿಯಬಹುದು. ಆದ್ದರಿಂದ ಥಯಮಿನ್ (ಬಿ1 ಜೀವಸತ್ವ) ಕೊಟ್ಟು, ನಾಲ್ಕೈದು ದಿನಗಳಲ್ಲಿ ಹಂತಹಂತವಾಗಿ ಏರಿಸಿದೆವು. ಮೂರನೆಯ ದಿನ ಫಾಸ್ಫೇಟ್ 2.3ಕ್ಕೆ ಇಳಿಯಿತು, ಮಾತ್ರೆಯಿಂದ ಸರಿಹೋಯಿತು.

ನಂತರ

ಮೂರು ವಾರಕ್ಕೆ ತೂಕ ನೋಡಿದರೆ 61.5. ಪತ್ನಿಯ ಮುಖ ಬಾಡಿತು. "ಇಷ್ಟು ತಿನ್ನಿಸಿಯೂ ಇಳಿಯಿತಲ್ಲ, ಡಾಕ್ಟರೇ!" ನೋವು ಹೋದ ಮೇಲೆ ಅವರು ಕುರ್ಚಿ ಬಿಟ್ಟು ಹಾಸಿಗೆಯಲ್ಲಿ ಮಲಗತೊಡಗಿದ್ದರು, ಇಳಿಬಿಟ್ಟ ಕಾಲಿನಲ್ಲಿ ವಾರಗಟ್ಟಲೆ ನಿಂತಿದ್ದ ನೀರು ಹೊರಟುಹೋಗಿತ್ತು. ಅಂದರೆ ದಾಖಲಾದ ದಿನದ 64ರಲ್ಲಿ ಎರಡೂವರೆ ಕಿಲೋದಷ್ಟು ಬರೀ ನೀರು. ನಿಜವಾದ ಇಳಿಕೆ 12.5 ಕಿಲೋ, ನೂರಕ್ಕೆ ಹದಿನೇಳರ ಹತ್ತಿರ. ಊದಿದ ಕಾಲು ನಮ್ಮ ಲೆಕ್ಕವನ್ನು ಕೊನೆಯವರೆಗೂ ತಪ್ಪಿಸಿತ್ತು.

ಮೂರು ತಿಂಗಳಿಗೆ ತೂಕ 64, ಈ ಬಾರಿ ನೀರಿಲ್ಲದ 64. ಹಿಡಿತ 25 ಕಿಲೋ. ಆಲ್ಬುಮಿನ್ 3.7, ಸಿಆರ್‌ಪಿ 5. ಇಜಿಎಫ್‌ಆರ್ 46, ಹಿಂದಿನದಕ್ಕಿಂತ ದೊಡ್ಡ ವ್ಯತ್ಯಾಸವಿಲ್ಲ. ಗಾಯ ನಾಲ್ಕನೆಯ ತಿಂಗಳು ಪೂರ್ತಿ ಮುಚ್ಚಿತು. ಇದರಲ್ಲಿ ಬಲೂನಿನ ಪಾಲೆಷ್ಟು, ಊಟದ ಪಾಲೆಷ್ಟು ಎಂದು ಒಬ್ಬ ರೋಗಿಯಿಂದ ಹೇಳಲಾಗದು. ಪೋಷಣೆ ಕೊಟ್ಟರೆ ಜೀವ ಉಳಿಯುತ್ತದೆ ಎನ್ನುವುದಕ್ಕೆ ಗಟ್ಟಿಯಾದ ಸಾಕ್ಷ್ಯ ಇರುವುದು ಬೇರೆ ರೋಗಿಗಳಲ್ಲಿ: ಸ್ವಿಟ್ಜರ್‌ಲೆಂಡಿನ ಎಂಟು ಆಸ್ಪತ್ರೆಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಒಳರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಎಫರ್ಟ್ ಅಧ್ಯಯನದಲ್ಲಿ, ಒಬ್ಬೊಬ್ಬರಿಗೂ ಲೆಕ್ಕ ಹಾಕಿ ಊಟ ಕೊಟ್ಟ ಗುಂಪಿನಲ್ಲಿ ಮೂವತ್ತು ದಿನಗಳ ಸಾವು ಶೇ 7, ಮಾಮೂಲಿ ಊಟದ ಗುಂಪಿನಲ್ಲಿ ಶೇ 10. ಅವರು ಸಾಮಾನ್ಯ ವೈದ್ಯಕೀಯ ವಾರ್ಡುಗಳ ರೋಗಿಗಳು. ಇವರಂಥವರಿಗೆ ಅದನ್ನು ಅನ್ವಯಿಸುವಾಗ ನಾನು ಊಹೆ ಮಾಡುತ್ತಿದ್ದೇನೆ ಎಂಬ ಅರಿವು ನನಗಿದೆ. ಆದರೂ ಆ ಊಹೆಯ ಮೇಲೆ ನಡೆಯಲು ಹಿಂಜರಿಯುವುದಿಲ್ಲ.

ಒಂಬತ್ತನೆಯ ತಿಂಗಳಲ್ಲಿ ಪತ್ನಿಯ ಫೋನ್ ಬಂತು. ಬೇರೊಂದು ತಪಾಸಣೆಗೆ ಹೋದಾಗ ಅಲ್ಲಿ ಹೊಸ ಪಟ್ಟಿಯೊಂದನ್ನು ಕೊಟ್ಟಿದ್ದರು: ಮೊಟ್ಟೆ ಬೇಡ, ಹಾಲು ಬೇಡ, ಬೇಳೆ ಅರ್ಧ. ರೋಗಿ ಎಂದಿನಂತೆ ಚಾಚೂ ತಪ್ಪದೆ ಪಾಲಿಸಿದ್ದರು. ಪ್ರತಿ ಸೋಮವಾರ ಕ್ಯಾಲೆಂಡರಿನ ಮೇಲೆ ತೂಕ ಬರೆಯುವ ಅಭ್ಯಾಸ ಮಾಡಿಸಿದ್ದೆವು. ಏಳು ವಾರಗಳಲ್ಲಿ 66ರಿಂದ 63.5. "ಎರಡೂವರೆ ಕಿಲೋ ಹೋಗಿದೆ ಡಾಕ್ಟರೇ, ಇವರು ಮಾತ್ರ ಹಗುರವಾಯಿತು ಎಂದು ಖುಷಿಯಲ್ಲಿದ್ದಾರೆ" ಎಂದರು. ಮರುದಿನವೇ ಬರಹೇಳಿದೆ, ಬರುವಾಗ ಆ ಪಟ್ಟಿಯನ್ನೂ ಕ್ಯಾಲೆಂಡರನ್ನೂ ತರಲು ಹೇಳಿದೆ.